ಹತ್ತು ಎರೆಹುಳುಗಳ ಸಾಕ್ಷಿ

ಅವಳಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು, ಇಲ್ಲವೆಂದಲ್ಲ. ಆದರೆ ಮಾತು ಬಂದ ದಿನದಿಂದ ಕಂಡದ್ದಕ್ಕೆಲ್ಲ ‘ಯಾಕೆ, ಯಾಕೆ’ ಎಂದು ಕೇಳಿ ಮನೆಮಂದಿಯ ತಲೆ ತಿನ್ನುತ್ತಿದ್ದ ಹುಡುಗಿಗೆ ಸೋದರಮಾವ ತಮಾಷೆಗೆ ಇಟ್ಟ ‘ಯಾಕಮ್ಮ’ ಎಂಬ ಅಡ್ಡಹೆಸರೇ ಗಟ್ಟಿಯಾಗಿ ನಿಂತಿತು. ತಲೆಯಲ್ಲಿ ನಾಲ್ಕು ಬಿಳಿಗೂದಲು ಇಣುಕಿದರೂ ಅದು ಬಿಟ್ಟು ಹೋಗಲಿಲ್ಲ, ಕೇಳುವ ಚಾಳಿಯೂ ಹೋಗಲಿಲ್ಲ. ಉಳಿದವರೆಲ್ಲ ‘ಸುಮ್ನಿರೇ’ ಎಂದು ಗದರುತ್ತಿದ್ದ ಕಾಲದಲ್ಲಿ ಆ ಮಾವ ಒಬ್ಬರೇ ಕೈಯಲ್ಲಿದ್ದ ಗುದ್ದಲಿ ಕೆಳಗಿಟ್ಟು ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಗೊತ್ತಿದ್ದರೆ ಉತ್ತರ ಹೇಳುತ್ತಿದ್ದರು, ಗೊತ್ತಿಲ್ಲದಿದ್ದರೆ ‘ಬಾ, ನೋಡೋಣ’ ಎನ್ನುತ್ತಿದ್ದರು. ಈಗ ಅವಳು ಶಿಶುವಿಹಾರ ನಡೆಸುತ್ತಾಳೆ. ದಿನವಿಡೀ ‘ಯಾಕೆ’ ಎನ್ನುವ ಮಕ್ಕಳ ನಡುವೆ ಅವಳಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಶಿಶುವಿಹಾರವನ್ನು ಹೊಸ ಕಟ್ಟಡಕ್ಕೆ ತಂದ ಮೊದಲ ವಾರವೇ ಅವಳ ಕಣ್ಣಿಗೆ ಬಿದ್ದದ್ದು ಬಿಸ್ಕತ್ತಿನ ಚೂರುಗಳು. ಕಟ್ಟಡ ಚೆನ್ನಾಗಿತ್ತು: ಎತ್ತರದ ಕಿಟಕಿಗಳು, ಗಾಳಿ ಬೆಳಕು, ಹಿಂದೆ ನಾಲ್ಕು ಗೋಡೆಗಳ ನಡುವೆ ಮಕ್ಕಳು ಓಡಾಡಲು ದೊಡ್ಡ ಹಿತ್ತಲು. ಇಂಥ ಜಾಗಕ್ಕಾಗಿ ಅವಳು ವರ್ಷಗಟ್ಟಲೆ ಚಪ್ಪಲಿ ಸವೆಸಿದ್ದಳು. ಮಕ್ಕಳು ತಿಂಡಿ ತಿಂದ ಮೇಲೆ ಹಿತ್ತಲ ತುಂಬ ಚೂರು ಬೀಳುತ್ತಿತ್ತು. ಬೆಳಿಗ್ಗೆ ಬಿದ್ದ ಚೂರು ಸಂಜೆಯವರೆಗೂ ಬಿದ್ದಲ್ಲೇ ಬಿದ್ದಿರುತ್ತಿತ್ತು. ಒಳಗೆ ಸಕ್ಕರೆ ಡಬ್ಬಿಯ ಮುಚ್ಚಳ ಸಡಿಲವಾದರೆ ಸಾಕು, ದಂಡೆತ್ತಿ ಬರುತ್ತಿದ್ದ ಇರುವೆಗಳು ಹಿಂಬಾಗಿಲ ಹೊಸ್ತಿಲವರೆಗೆ ಹೋಗಿ, ಅಲ್ಲಿ ಮೀಸೆ ಆಡಿಸಿ, ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗುತ್ತಿದ್ದವು.

“ಮಾವ, ಇರುವೆ ಯಾಕೆ ಹಿತ್ತಲಿಗೆ ಇಳಿಯಲ್ಲ?”

ಮಾವ ಊರಿನ ದೊಡ್ಡ ಉದ್ಯಾನದಲ್ಲಿ ತೋಟಗಾರರಾಗಿ ಕೆಲಸ ಮಾಡಿ ಬಿಟ್ಟವರು. ಹಿಂದೆಮುಂದೆ ಯಾರೂ ಇಲ್ಲದ ಅವರನ್ನು ಅವಳೇ ಕರೆತಂದು ಪಕ್ಕದ ಕೋಣೆಯಲ್ಲಿ ಇರಿಸಿಕೊಂಡಿದ್ದಳು. ಬಂದ ಮರುದಿನವೇ ಅವರು ಕಟ್ಟಡದ ಮುಂದಿನ ಕಿರಿದಾದ ಪಟ್ಟಿಯಲ್ಲಿ ತರಕಾರಿ ಮಡಿ ಮಾಡಿ, ಮೂಲೆಯಲ್ಲಿ ಗೊಬ್ಬರದ ಗುಂಡಿ ತೋಡಿ ಕುಳಿತಿದ್ದರು. ಆಡು ಮುಟ್ಟದ ಸೊಪ್ಪಿಲ್ಲ, ಮಾವ ಗುಂಡಿಗೆ ಹಾಕದ ಕಸವಿಲ್ಲ. ‘ತೋಟದಲ್ಲಿ ಹುಟ್ಟಿದ್ದು ತೋಟಕ್ಕೇ ಸೇರ್ಬೇಕು’ ಎನ್ನುವುದು ಅವರ ಬದುಕಿನ ಒಂದೇ ಒಂದು ಕಾನೂನು. ಆ ಗೊಬ್ಬರವನ್ನು ಮುಷ್ಟಿಯಲ್ಲಿ ಹಿಡಿದು ಮೂಸಿ, ಬಂದವರ ಮೂಗಿಗೂ ಹಿಡಿಯುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು.

“ಇರುವೆನೇ ಕೇಳು” ಎಂದು ಅವರು ಮೊದಲು ನಕ್ಕರು. ಆಮೇಲೆ ಎದ್ದು ಹಿತ್ತಲಿಗೆ ಹೋಗಿ, ಒಂದು ಹಿಡಿ ಮಣ್ಣು ಎತ್ತಿ ಮೂಸಿದರು. ನಗು ನಿಂತಿತು. “ಈ ಮಣ್ಣಲ್ಲಿ ಮಣ್ಣಿನ ವಾಸನೆನೇ ಇಲ್ಲ ಕಣೇ.”

ಎದುರಿನ ಅಂಗಡಿಯ ದರ್ಜಿ ಬಾಯಿಬಿಟ್ಟ ಮೇಲೆ ಸಂಗತಿ ಹೊರಬಿತ್ತು. ಬಹಳ ವರ್ಷಗಳ ಹಿಂದೆ ಆ ಕಟ್ಟಡ ಕೀಟನಾಶಕದ ಗೋದಾಮಾಗಿತ್ತಂತೆ. ಮೂಟೆಗಳನ್ನು ಹಿತ್ತಲಲ್ಲೇ ಪೇರಿಸುತ್ತಿದ್ದರು, ಹರಿದ ಮೂಟೆಯನ್ನು ಅಲ್ಲೇ ಕೊಡವುತ್ತಿದ್ದರು. “ಮಳೆ ಬಂದ್ರೆ ಹಿತ್ತಲೆಲ್ಲ ಹಾಲಿನ ಥರ ಬೆಳ್ಳಗೆ ಹರೀತಿತ್ತು ಮೇಡಂ. ಈಗ ಎಲ್ಲ ತೊಳ್ದು ಹೋಗಿರತ್ತೆ ಬಿಡಿ” ಎಂದ ದರ್ಜಿ, ಬಾಯಲ್ಲಿ ಸೂಜಿ ಕಚ್ಚಿಕೊಂಡೇ.

ತೊಳೆದು ಹೋಗಿರಲಿಲ್ಲ. ಯಾಕಮ್ಮ ಅಂದೇ ಹಿಂಬಾಗಿಲಿಗೆ ಬೀಗ ಹಾಕಿ ಪ್ರಯೋಗಾಲಯಕ್ಕೆ ಫೋನ್ ಮಾಡಿದಳು. ಅಲ್ಲಿಂದ ಬಂದವರು ರಬ್ಬರ್ ಬೂಟು ತೊಟ್ಟ, ತೆಳ್ಳಗಿನ, ಮಾತು ಕಡಿಮೆಯ ಹೆಂಗಸು. ಮಕ್ಕಳು ಅವರಿಗೆ ಆ ಕ್ಷಣವೇ ‘ಮಣ್ಣು ಮೇಡಂ’ ಎಂದು ನಾಮಕರಣ ಮಾಡಿಬಿಟ್ಟರು. ಅವರು ಕೊರೆಯುವ ಸಲಾಕೆಯಿಂದ ಹಿತ್ತಲ ಅಲ್ಲಲ್ಲಿ ಮಣ್ಣು ತೆಗೆದು ಡಬ್ಬಿಗಳಲ್ಲಿ ತುಂಬಿಕೊಂಡು ಹೋದರು, ಕೆಲವು ದಿನ ಬಿಟ್ಟು ಮುಖ ಸಣ್ಣದು ಮಾಡಿಕೊಂಡು ಬಂದರು. ಹಿಂಗೋಡೆಯ ಮೂಲೆಯಲ್ಲಿ ವಿಷ ದಟ್ಟವಾಗಿತ್ತು, ಉಳಿದ ಹಿತ್ತಲಲ್ಲಿ ತೆಳ್ಳಗೆ ಹರಡಿತ್ತು. ಈಗ ಯಾರೂ ತಯಾರಿಸದ ಹಳೇ ಜಾತಿಯ ಪುಡಿ ಅದು.

“ಇಷ್ಟು ಮಳೆ ಬಿದ್ರೂ ಯಾಕೆ ಹೋಗ್ಲಿಲ್ಲ?” ಎಂದಳು ಯಾಕಮ್ಮ.

“ಅದಕ್ಕೆ ನೀರು ಅಂದ್ರೆ ಆಗಲ್ಲ. ಮಣ್ಣನ್ನ ತಬ್ಕೊಂಡು ಕೂತ್ಬಿಡತ್ತೆ” ಎಂದರು ಮೇಡಂ.

ಇದನ್ನು ಕೇಳಿ ಬಂದ ಪರವಾನಗಿ ಅಧಿಕಾರಿ ಕೆಟ್ಟವರಲ್ಲ, ಆದರೆ ಕಡ್ಡಿ ಮುರಿದಂತೆ ಮಾತಾಡುವವರು. ಹೊರಗೆ ಆಡುವ ಜಾಗವಿಲ್ಲದ ಶಿಶುವಿಹಾರಕ್ಕೆ ಪರವಾನಗಿ ಇಲ್ಲ. ಮುಂದಿನ ನವೀಕರಣದ ಹೊತ್ತಿಗೆ ಹಿತ್ತಲು ಶುದ್ಧವಾಗಿದ್ದರೆ ಸರಿ, ಇಲ್ಲವಾದರೆ ಬಾಗಿಲು ಮುಚ್ಚಬೇಕು. ಅಲ್ಲಿಯವರೆಗೆ ಒಂದು ಮಗುವೂ ಅತ್ತ ಕಾಲಿಡಕೂಡದು. ಅವರು ಹೋದ ಮೇಲೆ ಯಾಕಮ್ಮ ಪುಟ್ಟ ಪುಟ್ಟ ಕುರ್ಚಿಗಳ ನಡುವೆ ನೆಲದ ಮೇಲೆ ಕುಳಿತು ಸ್ವಲ್ಪ ಹೊತ್ತು ಅತ್ತಳು. ಇದ್ದಬದ್ದದ್ದನ್ನೆಲ್ಲ ಈ ಕಟ್ಟಡಕ್ಕೆ ಸುರಿದಿದ್ದಳು. ಇದು ಮುಚ್ಚಿದರೆ ಇನ್ನೊಂದು ತೆರೆಯುವ ತ್ರಾಣ ಅವಳಲ್ಲಿ ಇರಲಿಲ್ಲ.

ಆದರೆ ಅವಳ ಸ್ವಭಾವ ನೋಡಿ, ಅಳು ಮುಗಿಯುವ ಮೊದಲೇ ಕುತೂಹಲ ಶುರುವಾಗಿತ್ತು. ಮರುದಿನ ಮೇಡಂ ಹಿತ್ತಲ ಹೊಸ್ತಿಲಲ್ಲಿ ನಿಂತಿದ್ದಾಗ ಹಿಡಿದಳು.

“ಮಣ್ಣಿಂದ ವಿಷ ತೆಗೆಯೋಕೆ ದಾರಿ ಎಷ್ಟಿವೆ?”

“ಬೇಕಾದಷ್ಟಿವೆ. ಅಗೆದು ಬೇರೆ ಕಡೆ ಸಾಗಿಸಬಹುದು.”

“ಬೇರೆ ಕಡೆ ಅಂದ್ರೆ?”

“ವಿಷದ ಕಸ ಹೂಳೋಕೇ ಅಂತ ಮಾಡಿದ ಗುಂಡಿ ಇರತ್ತೆ. ತಳಕ್ಕೆ ದಪ್ಪ ಹಾಳೆ ಹಾಸಿರ್ತಾರೆ.”

“ಅಲ್ಲಿ ಅದು ಸಾಯತ್ತಾ?”

“ಇಲ್ಲ. ಕಾವಲಲ್ಲಿ ಕೂತಿರತ್ತೆ.”

“ಹಾಗಾದ್ರೆ ಅದು ಶುದ್ಧ ಮಾಡಿದ್ದಲ್ಲ, ಮನೆ ಬದಲಾಯಿಸಿದ್ದು.”

ಮಣ್ಣು ಮೇಡಂ ಮೊದಲ ಬಾರಿ ನಕ್ಕರು. ಮಾತು ಕಡಿಮೆಯವರ ಬಾಯಿ ಬಿಡಿಸಲು ಸರಿಯಾದ ಪ್ರಶ್ನೆ ಬೇಕು, ಅಷ್ಟೇ. ಮಣ್ಣನ್ನು ದೊಡ್ಡ ಒಲೆಯಲ್ಲಿ ಕಾಯಿಸುವ ವಿಧಾನ ಹೇಳಿದರು: ವಿಷ ಆವಿಯಾಗಿ ಹೊರಬರುತ್ತದೆ, ಆ ಆವಿಯನ್ನು ಹಿಡಿದು ಸುಡುತ್ತಾರೆ. ಆದರೆ ಮಣ್ಣಿನ ಜೀವಗಳೆಲ್ಲ ಸತ್ತು ಇಟ್ಟಿಗೆ ಪುಡಿಯಂಥದ್ದು ಉಳಿಯುತ್ತದೆ. ಸಾಬೂನಿನಂಥ ನೀರಲ್ಲಿ ಮಣ್ಣು ತೊಳೆಯಬಹುದು, ಆಮೇಲೆ ಆ ನೀರನ್ನು ತೊಳೆಯುವವರು ಯಾರು? ವಿಷವನ್ನೇ ತಿಂದು ಬದುಕುವ ಸೂಕ್ಷ್ಮಜೀವಿಗಳಿವೆ, ಈ ಪುಡಿಯ ವಿಷಯದಲ್ಲಿ ಅವು ಬಹಳ ನಿಧಾನ. ಇದ್ದಿಲಿನ ಪುಡಿ ಬೆರೆಸಿದರೆ ವಿಷ ಇದ್ದಿಲಿಗೆ ಅಂಟಿಕೊಂಡು ಅಲುಗಾಡದೆ ಇರುತ್ತದೆ. ಇನ್ನೊಂದು ದಾರಿ, ಕುಂಬಳ.

“ಯಾವ ಕುಂಬಳ?” ಎಂದರು ಮಾವ. ಅವರು ಅಷ್ಟು ಹೊತ್ತು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದರು.

“ಸಿಹಿಗುಂಬಳದ ಜಾತಿಯ ಕೆಲವು ಬಳ್ಳಿಗಳು. ಬೇರೆ ಗಿಡದ ಬೇರು ಮುಟ್ಟದ ಈ ವಿಷವನ್ನ ಅವು ಎಳ್ಕೊಳ್ತವೆ.”

“ಹಿತ್ತಲ ಗಿಡ ಮದ್ದಲ್ಲ ಅಂತ ಕೇಳಿದ್ದೆ. ಇಲ್ಲಿ ಹಿತ್ತಲಿಗೇ ಗಿಡ ಮದ್ದಂತೆ!” ಎಂದು ಮಾವ ಮೂಗು ಮುರಿದರು. ಆದರೆ ಅವರ ಬೆರಳುಗಳು ಆಗಲೇ ಬೀಜ ಊರುವ ಅಳತೆಯಲ್ಲಿ ಆಡುತ್ತಿದ್ದವು.

“ಇದ್ದಿಲು, ಕುಂಬಳ ಎರಡನ್ನೂ ಒಟ್ಟಿಗೇ ಹಾಕಿದ್ರೆ ಬೇಗ ಆಗಲ್ವಾ?” ಎಂದಳು ಯಾಕಮ್ಮ.

“ಇದ್ದಿಲು ಮೊದ್ಲು ಹಾಕಿದ್ರೆ ವಿಷ ಅದಕ್ಕೆ ಅಂಟ್ಕೊಂಡು ಬಳ್ಳಿಗೆ ಸಿಗೋದೇ ಇಲ್ಲ. ಮೊದಲು ಬಳ್ಳಿ ಕುಡಿದಷ್ಟು ಕುಡೀಲಿ. ಉಳಿದದ್ದಕ್ಕೆ ಇದ್ದಿಲು.”

ಹಾಗೆಯೇ ಆಯಿತು. ಮೂಲೆಯ ಕೆಟ್ಟ ಮಣ್ಣನ್ನು ಕೆಲಸಗಾರರು ಮುಖಕ್ಕೆ ಕವಚ ಹಾಕಿಕೊಂಡು ಬಗೆದು, ಡ್ರಮ್ಮುಗಳಲ್ಲಿ ತುಂಬಿ ಮುಚ್ಚಿ ಒಯ್ದರು. ಉಳಿದ ಹಿತ್ತಲಿಗೆ ಮಾವ ಬೀಜ ಹಾಕಿದರು. ಕೈಗೆ ಉದ್ದ ಗ್ಲೌಸು, ಕಾಲಿಗೆ ಬೂಟು, ಬಾಯಿಗೆ ಬಟ್ಟೆ. ಬರಿಗೈಯಲ್ಲಿ ಮಣ್ಣು ಮುಟ್ಟದಿದ್ದರೆ ಗಿಡಕ್ಕೆ ನಾನು ಯಾರೆಂದು ಹೇಗೆ ಗೊತ್ತಾಗಬೇಕು ಎಂದು ಗೊಣಗುತ್ತ ಹಾಕಿದರು.

ಬಳ್ಳಿ ಎದ್ದ ಪರಿ ನೋಡಬೇಕಿತ್ತು. ಎಲೆಗಳು ಮೊರದಗಲ, ಕುಡಿಗಳು ಗೋಡೆಯನ್ನೇ ಹತ್ತಿ ಆಚೆ ಇಣುಕಿದವು. ಮಕ್ಕಳು ಕಿಟಕಿಯ ಗಾಜಿಗೆ ಮೂಗು ಒತ್ತಿ, ಯಾವ ಎಲೆ ವಿಷ ಕುಡಿಯುತ್ತಿದೆ, ಯಾವುದಕ್ಕೆ ಹೊಟ್ಟೆ ತುಂಬಿದೆ ಎಂದು ಜಗಳವಾಡುತ್ತಿದ್ದರು. ಯಾಕಮ್ಮನೂ ಅವರ ಪಕ್ಕದಲ್ಲಿ ಮೂಗು ಒತ್ತಿ ನಿಲ್ಲುತ್ತಿದ್ದಳು. ಇಷ್ಟು ಹಸಿರಾಗಿರುವುದರೊಳಗೆ ವಿಷ ಇದೆ ಎಂದರೆ ನಂಬುವುದು ಹೇಗೆ? ಬಳ್ಳಿ ಅದನ್ನು ಎಲ್ಲಿಡುತ್ತದೆ? ಅದಕ್ಕೆ ಯಾಕೆ ಏನೂ ಆಗುವುದಿಲ್ಲ? ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅದರ ಬಾಲ ಹಿಡಿದು ಇನ್ನೊಂದು ಬರುತ್ತಿತ್ತು.

ಮೇಡಂ ಹಾಕಿದ ಕಟ್ಟುಪಾಡು ಒಂದೇ: ಬಳ್ಳಿಯಾಗಲಿ ಕಾಯಿಯಾಗಲಿ ಯಾರ ಬಾಯಿಗೂ ಬೀಳಬಾರದು. ಎಲ್ಲವನ್ನೂ ದಪ್ಪ ಚೀಲದಲ್ಲಿ ಕಟ್ಟಿಟ್ಟರೆ ಭಾರೀ ಕಾವಿನ ಕುಲುಮೆಗೆ ಒಯ್ದು ಸುಡುತ್ತಾರೆ. ಅಂದಿನಿಂದ ಯಾಕಮ್ಮ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯಿಗಳನ್ನು ಕಾದಳು. ಎಲೆಯಡಿ ಮಿಡಿ ಕಂಡರೆ ಸಾಕು, ಕಿತ್ತು ಚೀಲಕ್ಕೆ. ದರ್ಜಿ ಗೋಡೆಯ ಆಚೆಯಿಂದ ಕತ್ತು ಚಾಚಿ, “ಒಂದೇ ಒಂದು ಕೊಡಿ ಮೇಡಂ, ದಪ್ಪಗೆ ಸಿಪ್ಪೆ ಹೆರೆದು ತಿಂತೀವಿ” ಎಂದು ಅಂಗಲಾಚಿದಾಗ ಅವಳು ಬೈದ ಬೈಗುಳಕ್ಕೆ ಅವನು ಒಂದು ತಿಂಗಳು ಇತ್ತ ತಲೆಹಾಕಲಿಲ್ಲ. ಎಲ್ಲರ ಕಣ್ಣೂ ಕಾಯಿಯ ಮೇಲೆಯೇ ಇತ್ತು. ಬುಡದ ಕಡೆ ಯಾರೂ ನೋಡಲಿಲ್ಲ.

ಮೊದಲ ಬೆಳೆ ಕೊಯ್ದು ಚೀಲಗಳು ಹೋದವು. ಮಾವ ನೆಲವನ್ನು ಹಸನು ಮಾಡಿ ಎರಡನೆಯ ಬೆಳೆ ಹಾಕಿದರು, ಅದೂ ಹೋಯಿತು. ಪ್ರತಿ ಬೆಳೆ ಮುಗಿದಾಗಲೂ ಮೇಡಂ ಮಣ್ಣು ಒಯ್ದು ನೋಡಿದರು. ವಿಷ ಇಳಿಯುತ್ತಿತ್ತು. ಕೊನೆಗೆ ಇದ್ದಿಲಿನ ಪುಡಿ ಹರಡಿ ಮಾವ ಹಿತ್ತಲನ್ನು ಮಟ್ಟಸವಾಗಿ ಅಗೆದರು. ಹಿತ್ತಲು ಕಪ್ಪಗಾಯಿತು, ಮಾವನೂ ಕಪ್ಪಗಾದರು.

ಅದೇ ಹೊತ್ತಿಗೆ ಮುಂದಿನ ಪಟ್ಟಿಯಲ್ಲಿ ಮಾವನ ಗುಂಡಿಯ ಹೊಸ ಗೊಬ್ಬರ ಬಿದ್ದಿತ್ತು. ಮಕ್ಕಳು ಒಬ್ಬೊಬ್ಬರೂ ತಮ್ಮ ತಮ್ಮ ಗುರುತಿನ ಬಣ್ಣದ ಕಡ್ಡಿ ನೆಟ್ಟು ಹುರುಳಿಕಾಯಿ, ಗಜ್ಜರಿಯ ಬೀಜ ಊರಿದ್ದರು. ಯಾಕೋ ಮೊಳಕೆ ವಿರಳವಾಗಿತ್ತು. ಬೀಜದಂಗಡಿಯವನು ಹಳೇ ಬೀಜ ಕೊಟ್ಟು ಕೈಕೊಟ್ಟ ಎಂದು ಮಾವ ಶಾಪ ಹಾಕಿದರು.

ನವೀಕರಣದ ವಾರ ಬಂತು. ಮೇಡಂ ಒಂದು ಉದ್ದನೆಯ ಪೆಟ್ಟಿಗೆ ಹಿಡಿದು ಬಂದರು.

“ಯಂತ್ರ ಹೇಳೋದನ್ನ ಯಂತ್ರ ಹೇಳಿದೆ. ಹಿತ್ತಲ ಅಂಕಿ ಚೆನ್ನಾಗಿದೆ. ಈಗ ಹುಳುಗಳನ್ನ ಕೇಳೋಣ” ಎಂದರು.

ಪೆಟ್ಟಿಗೆಯ ನಡುವೆ ಒಂದು ತಗಡು. ಒಂದು ಪಾಲಿಗೆ ಹಿತ್ತಲ ಮಣ್ಣು, ಇನ್ನೊಂದು ಪಾಲಿಗೆ ಒಳ್ಳೆಯದೆಂದು ಗೊತ್ತಿರುವ ಮಣ್ಣು. ತಗಡು ತೆಗೆದು, ಎರಡು ಮಣ್ಣು ಕೂಡುವ ಗೆರೆಯ ಮೇಲೆ ಹತ್ತು ಎರೆಹುಳು ಬಿಟ್ಟು ಮುಚ್ಚುವುದು. ಎರಡು ದಿನ ಕಳೆದು ನೋಡುವುದು.

“ಹುಳುವಿಗೆ ಹೇಗೆ ಗೊತ್ತಾಗತ್ತೆ?”

“ಅದಕ್ಕೆ ಮೈಯೆಲ್ಲ ನಾಲಿಗೆ ಇದ್ದ ಹಾಗೆ. ಚರ್ಮಕ್ಕೆ ಉರಿ ತಾಗಿದ್ರೆ ಆ ಕಡೆ ಇರಲ್ಲ.”

“ಎರಡೂ ಕಡೆ ಚೆನ್ನಾಗಿದ್ರೆ?”

“ಹೆಚ್ಚುಕಮ್ಮಿ ಅರ್ಧರ್ಧ ಹಂಚ್ಕೊಂಡು ಇರ್ತವೆ.”

ಒಳ್ಳೆಯ ಮಣ್ಣನ್ನು ಮೇಡಂ ಪ್ರಯೋಗಾಲಯದಿಂದಲೇ ತಂದಿದ್ದರು. ಆದರೆ ಮಾವನಿಗೆ ಅದು ಸುತರಾಂ ಹಿಡಿಸಲಿಲ್ಲ. “ಮನೇಲಿ ಇಂಥಾ ಮಣ್ಣಿಟ್ಕೊಂಡು ಹೊರಗಿಂದ ತರೋದಾ? ಇದನ್ನ ಒಂದ್ಸಲ ಮೂಸಿ ನೋಡಿ” ಎಂದು ಮುಂದಿನ ಮಡಿಯಿಂದ ಒಂದು ಬುಟ್ಟಿ ತಂದರು. ಮೇಡಂ ಬೆರಳಲ್ಲಿ ಉಜ್ಜಿದರು, ಮೂಸಿದರು. ಕಪ್ಪಗೆ, ಹಗುರವಾಗಿ, ಮೊದಲ ಮಳೆಯ ವಾಸನೆ ಹೊಡೆಯುತ್ತಿದ್ದ ಮಣ್ಣು. ಮಣ್ಣು ಬಲ್ಲವರಿಗೆ ಅಂಥ ಮಣ್ಣು ಕಂಡರೆ ಮನಸ್ಸು ಕರಗದೆ ಇರದು. ತಮ್ಮ ಚೀಲವನ್ನು ಪಕ್ಕಕ್ಕಿಟ್ಟು ಅದನ್ನೇ ತುಂಬಿದರು. ಬೇರೆ ಊರಿನಲ್ಲಿ ಅವರಿಗೆ ಕೆಲಸವಿತ್ತು. “ತೆರೆದು, ಎಣಿಸಿ, ಫೋನ್ ಮಾಡಿ. ನಾನು ಅಧಿಕಾರಿಗೆ ವರದಿ ಕಳಿಸ್ತೀನಿ” ಎಂದು ಹೊರಟರು.

ಆ ಎರಡು ದಿನ ಯಾಕಮ್ಮನಿಗೆ ಅನ್ನ ರುಚಿಸಲಿಲ್ಲ. ಪೆಟ್ಟಿಗೆಗೆ ಕಿವಿಯಿಟ್ಟು ಕೇಳಿದಳು, ಹುಳು ಓಡಾಡುವ ಸದ್ದು ಯಾರಿಗೆ ತಾನೆ ಕೇಳುತ್ತದೆ!

ಮೂರನೆಯ ದಿನ ಬೆಳಿಗ್ಗೆ ಅವಳೂ ಮಾವನೂ ಮಕ್ಕಳನ್ನು ಸುತ್ತ ಕೂರಿಸಿಕೊಂಡು, ನಡುವೆ ತಗಡು ಇಳಿಸಿ, ಎರಡೂ ಪಾಲುಗಳನ್ನು ಬೇರೆ ಬೇರೆ ಕಾಗದದ ಮೇಲೆ ಸುರಿದರು. ಹಿತ್ತಲ ಪಾಲನ್ನು ಮಾವ ಚಮಚದಿಂದ ಕೆದಕಿದರು. ಒಂದು ಹುಳು, ಎರಡು, ಐದು, ಏಳು. ಮಕ್ಕಳು ಗಟ್ಟಿಯಾಗಿ ಎಣಿಸಿದರು. ಹತ್ತು! ಹತ್ತಕ್ಕೆ ಹತ್ತೂ ಹಿತ್ತಲ ಮಣ್ಣಲ್ಲಿ, ಒಂದನ್ನೊಂದು ಸುತ್ತಿಕೊಂಡು ಆರಾಮವಾಗಿದ್ದವು.

“ಗೆದ್ವಿ!” ಎಂದು ಮಾವ ಕುಣಿದೇಬಿಟ್ಟರು. ಮಕ್ಕಳು ಯಾಕೆಂದು ಗೊತ್ತಿಲ್ಲದೆಯೂ ಕೇಕೆ ಹಾಕಿದರು. ಯಾಕಮ್ಮನಿಗೆ ಹೊಟ್ಟೆಯೊಳಗೆ ಹಾಲು ಹೊಯ್ದಂತಾಯಿತು. ಹಿತ್ತಲು ಉಳಿಯಿತು, ಶಿಶುವಿಹಾರ ಉಳಿಯಿತು. ಸಹಾಯಕಿ ಮಕ್ಕಳನ್ನು ಹಾಡಿಗೆ ಕರೆದುಕೊಂಡು ಹೋದಳು.

“ಆದ್ರೂ ನೋಡೇ, ಈ ಹುಳುಗಳಿಗೆ ಒಂಚೂರು ನಿಯತ್ತಿಲ್ಲ. ನನ್ನ ಗೊಬ್ಬರ ಬಿಟ್ಟು ಆ ಇದ್ದಿಲು ಮಣ್ಣಿಗೆ ಹೋಗಿವೆ!” ಎಂದು ಮಾವ ನಗುತ್ತ ಗದ್ದ ತುರಿಸಿಕೊಂಡರು.

ಯಾಕಮ್ಮ ಫೋನ್ ಕೈಗೆತ್ತಿಕೊಂಡಿದ್ದಳು. ಅವಳ ಬೆರಳು ಅಲ್ಲೇ ನಿಂತಿತು. ಇನ್ನೊಂದು ಕಾಗದದ ಮೇಲಿನ ಮಣ್ಣನ್ನು ನೋಡಿದಳು. ಖಾಲಿ. ಎರಡು ತಟ್ಟೆಯಲ್ಲಿ ಒಂದೇ ಥರದ ಬಿಸ್ಕತ್ತು ಇಟ್ಟರೆ ಮಕ್ಕಳೆಲ್ಲ ಒಂದೇ ತಟ್ಟೆಗೆ ಮುಗಿಬೀಳುವುದಿಲ್ಲ. ಹಾಗೆ ಮುಗಿಬಿದ್ದರೆ ಇನ್ನೊಂದು ತಟ್ಟೆಯಲ್ಲಿ ಏನೋ ಐಬಿದೆ ಎಂದೇ ಅರ್ಥ. ಇಷ್ಟು ವರ್ಷ ಮಕ್ಕಳೊಡನೆ ಕಳೆದವಳಿಗೆ ಅದು ಗೊತ್ತಿತ್ತು.

“ಮಾವ, ಅರ್ಧರ್ಧ ಇರಬೇಕಿತ್ತು. ಹತ್ತೂ ಯಾಕೆ ಈ ಕಡೆ ಬಂದವು?”

“ಬಂದ್ವಲ್ಲ, ಅಷ್ಟು ಸಾಲದಾ?”

“ಅವು ಹಿತ್ತಲಿಗೆ ಬಂದದ್ದಲ್ಲ ಮಾವ. ನಿಮ್ಮ ಮಣ್ಣಿಂದ ಓಡಿಹೋದದ್ದು.” ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು. “ಕುಂಬಳದ್ದು ಏನಾದ್ರೂ ಗೊಬ್ಬರದ ಗುಂಡಿಗೆ ಬಿತ್ತಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾವ ಹೆಗಲು ಮುಟ್ಟಲಿಲ್ಲ, ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು.

“ಬಳ್ಳಿ, ಎಲೆ, ಕಾಯಿ ಎಲ್ಲ ಚೀಲಕ್ಕೇ ಹಾಕಿದ್ದೀನಿ. ಆಣೆ ಮಾಡ್ತೀನಿ ಬೇಕಾದ್ರೆ.”

“ಬೇರು?”

“ಬೇರು ಬರೀ ಬಾಯಿ ಅಲ್ವೇನೇ? ಕುಡಿದದ್ದೆಲ್ಲ ಮೇಲೆ ಹೊಟ್ಟೆಗೆ ಹೋಯ್ತು, ಬಾಯಲ್ಲಿ ಏನುಳಿಯತ್ತೆ ಅಂದ್ಕೊಂಡೆ. ಎರಡೂ ಬೆಳೆ ತೆಗೆದಾಗ ಬುಡಗಳನ್ನೆಲ್ಲ ಮಣ್ಣು ಸಮೇತ ಕಿತ್ತು ಗುಂಡಿಗೆ ಹಾಕಿದೆ. ಅಂಥಾ ನಾರುಬೇರು, ಎಷ್ಟು ಚೆನ್ನಾಗಿ ಕೊಳೆಯತ್ತೆ ಗೊತ್ತಾ...” ಅರ್ಧಕ್ಕೇ ನಿಲ್ಲಿಸಿದರು. “ತೋಟದಲ್ಲಿ ಹುಟ್ಟಿದ್ದು ಅಂತ...”

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಹಿತ್ತಲಿಂದ ಅಷ್ಟು ಕಷ್ಟಪಟ್ಟು ತೆಗೆದದ್ದರಲ್ಲಿ ಒಂದು ಪಾಲು ಮುಂಬಾಗಿಲಿಗೆ, ಮಕ್ಕಳ ಮಡಿಗೇ ಬಂದು ಕುಳಿತಿತ್ತು. ಯಾಕಮ್ಮ ಕಿಟಕಿಯಿಂದ ಬಣ್ಣದ ಕಡ್ಡಿಗಳನ್ನು ನೋಡಿದಳು. ಹುರುಳಿಕಾಯಿಯ ವಿರಳ ಮೊಳಕೆಗಳು ಆಗಷ್ಟೇ ಎರಡೆಲೆ ಬಿಟ್ಟಿದ್ದವು. ಯಾರೂ ಏನೂ ತಿಂದಿಲ್ಲ, ಇನ್ನೂ ತಿಂದಿಲ್ಲ.

“ಹೇಳ್ಬೇಡ ಅಂತ ನಾನು ಹೇಳಲ್ಲ” ಎಂದರು ಮಾವ, ಅವಳ ಮುಖ ನೋಡದೆ. “ಆದ್ರೆ ಅವರು ಕೇಳಿದ್ದು ಹಿತ್ತಲನ್ನ. ಹಿತ್ತಲಲ್ಲಿ ಹತ್ತು ಹುಳು ಇವೆ. ಸುಳ್ಳಲ್ಲ. ಅಧಿಕಾರಿ ಬಂದು ಹೋಗೋವರೆಗೆ ತಡೆದು, ಆಮೇಲೆ ಆ ಮಣ್ಣು ನಾನೇ ತೆಗೀತೀನಿ. ಯಾರಿಗೂ ಗೊತ್ತಾಗಲ್ಲ.”

ಅವಳಿಗೂ ಅದೇ ಯೋಚನೆ ಬಂದಿರಲಿಲ್ಲ ಎಂದರೆ ಸುಳ್ಳಾದೀತು. ಹತ್ತು ಎಂಬ ಒಂದು ಮಾತು ಫೋನಲ್ಲಿ ಹೇಳಿದರೆ ಸಾಕಿತ್ತು. ಹೇಳದೆ ಉಳಿಸಿದ್ದನ್ನು ಯಾರೂ ಕೇಳುತ್ತಿರಲಿಲ್ಲ. ನಿಜ ಹೇಳಿದರೆ ಶಿಶುವಿಹಾರ ಹೋಗಬಹುದು, ಜತೆಗೆ ಮಾವನ ಮಾನವೂ ಹೋಗುತ್ತದೆ. ಅವಳ ‘ಯಾಕೆ’ಗಳಿಗೆ ಗುದ್ದಲಿ ಕೆಳಗಿಟ್ಟು ಕುಳಿತ ಒಬ್ಬರೇ ಒಬ್ಬರು ಅವರು. ಅವರನ್ನೇ ಈಗ ಎತ್ತಿ ಆಡಬೇಕಿತ್ತು. ಅವಳಿಗೆ ಸಂಕಟವಾಯಿತು, ಸಿಟ್ಟೂ ಬಂತು. ಆದರೆ ಕೇಳಿಯಾಗಿತ್ತು. ಉತ್ತರ ಗೊತ್ತಾದ ಮೇಲೆ ಕೇಳಿಯೇ ಇಲ್ಲವೆಂಬಂತೆ ಇರುವುದು ಅವಳಿಗೆ ಯಾವತ್ತೂ ಬಂದಿರಲಿಲ್ಲ.

“ಮಾವ, ಆ ಮಣ್ಣು ತೆಗೆದು ಎಲ್ಲಿ ಹಾಕ್ತೀರಿ?”

ಅವಳು ಫೋನ್ ಒತ್ತಿದಳು. ಹತ್ತು ಎಂದೂ ಹೇಳಿದಳು, ಸೊನ್ನೆ ಎಂದೂ ಹೇಳಿದಳು, ಬೇರಿನ ಸಂಗತಿಯನ್ನೂ ಹೇಳಿದಳು.

ಅತ್ತ ಕಡೆಯಿಂದ ಮೇಡಂ, “ವಿಷ ಎಲ್ಲಕ್ಕಿಂತ ಹೆಚ್ಚು ಇರೋದೇ ಬೇರಲ್ಲಿ. ಬಳ್ಳಿ, ಕಾಯಿ ಅಂದೆ, ಬೇರು ಅಂತ ನಾನು ಬಾಯಿಬಿಟ್ಟು ಹೇಳ್ಲೇ ಇಲ್ಲ” ಎಂದರು. “ಆ ಮಣ್ಣನ್ನ ಪರೀಕ್ಷೆ ಮಾಡದೆ ಪೆಟ್ಟಿಗೆಗೆ ಹಾಕಿದ್ದೂ ನಾನೇ. ಮೂಸಿ ಮರುಳಾದೆ. ಮಕ್ಕಳ ಕೈ ತೊಳೆಸಿ. ಮುಟ್ಟಿದ್ದಕ್ಕೆ ಏನೂ ಆಗಲ್ಲ, ಹೆದರ್ಬೇಡಿ. ತಿಂದಿದ್ರೆ ಬೇರೆ ಮಾತು. ನಾಳೆ ಬರ್ತೀನಿ.”

ಬಂದವರು ಈ ಸಲ ಎರಡು ಪೆಟ್ಟಿಗೆ ತಂದಿದ್ದರು. ಎರಡಕ್ಕೂ ಒಳ್ಳೆಯ ಮಣ್ಣು ಪ್ರಯೋಗಾಲಯದ್ದೇ. ಒಂದರಲ್ಲಿ ಹಿತ್ತಲ ಮಣ್ಣು, ಇನ್ನೊಂದರಲ್ಲಿ ಮಾವನ ಮಣ್ಣು. ತೆರೆಯುವ ದಿನ ಅಧಿಕಾರಿಯೂ ಬಂದು ಪುಟ್ಟ ಕುರ್ಚಿಯ ಮೇಲೆ ಮೊಣಕಾಲು ಮಡಚಿ ಕುಳಿತರು. ಮಾವನ ಮಣ್ಣಿನಲ್ಲಿ ಒಂದು ಹುಳುವೂ ಇರಲಿಲ್ಲ. ಮಾವ ಅದನ್ನು ನೋಡಿ ಎದ್ದು ಹೊರಗೆ ಹೋದರು. ಹಿತ್ತಲ ಮಣ್ಣಿನಲ್ಲಿ ನಾಲ್ಕು, ಎದುರು ಪಾಲಿನಲ್ಲಿ ಆರು.

“ನಾಲ್ಕೇನಾ?” ಎಂದರು ಅಧಿಕಾರಿ.

“ಇದೇ ನಮಗೆ ಬೇಕಾದದ್ದು” ಎಂದರು ಮೇಡಂ. “ಹುಳುಗಳಿಗೆ ಎರಡೂ ಒಂದೇ.”

ಅಧಿಕಾರಿ ಪ್ರಯೋಗಾಲಯದ ಅಂಕಿಗಳನ್ನು ಓದಿದರು, ಹಿತ್ತಲಲ್ಲಿ ಒಂದು ಸುತ್ತು ಬಂದರು, ಮುಂದಿನ ಮಡಿಯ ಬಳಿ ನಿಂತರು. “ಈ ವಿಷಯ ನೀವು ಹೇಳದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ಲ” ಎಂದರು ಯಾಕಮ್ಮನಿಗೆ. ಹೊಗಳಿಕೆಯೋ ಆಕ್ಷೇಪಣೆಯೋ ಅವಳಿಗೆ ತಿಳಿಯಲಿಲ್ಲ. “ಹಿತ್ತಲಿಗೆ ಮಕ್ಕಳನ್ನ ಬಿಡಿ. ಈ ಪಟ್ಟಿಗೆ ಬೇಲಿ ಹಾಕಿ ಬೀಗ ಹಾಕಿ. ಶುದ್ಧವಾಗೋವರೆಗೆ ತೆಗೀಬಾರ್ದು.” ಪರವಾನಗಿ ಉಳಿಯಿತು.

ಗೊಬ್ಬರದ ಗುಂಡಿಯನ್ನು ಬರಿದು ಮಾಡಲು ಕೆಲಸಗಾರರು ಬಂದಾಗ ಮಾವ ಅವರ ಕೈಗೆ ಸಲಿಕೆ ಕೊಡಲಿಲ್ಲ. ತಾವೇ ಗ್ಲೌಸು ತೊಟ್ಟು, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಒಂದೊಂದೇ ಬುಟ್ಟಿ ಎತ್ತಿ ಡ್ರಮ್ಮಿಗೆ ಸುರಿದರು. ಈ ಸಲ ಗೊಣಗಲಿಲ್ಲ. ಕೊನೆಯ ಡ್ರಮ್ಮಿನ ಮುಚ್ಚಳ ಬಿಗಿಯುವಾಗ ಅಭ್ಯಾಸಬಲದಿಂದ ಒಂದು ಹಿಡಿ ಎತ್ತಿ ಮೂಗಿನ ಹತ್ತಿರ ತಂದವರು, ಹಾಗೆಯೇ ಕೆಳಗೆ ಬಿಟ್ಟರು. ಯಾಕಮ್ಮ ನೋಡಿಯೂ ನೋಡದವಳಂತೆ ಒಳಗೆ ಹೋದಳು. ಮರುವಾರ ಬೇಲಿಯೊಳಗಿನ ಪಟ್ಟಿಯಲ್ಲಿ ಕುಂಬಳದ ಬೀಜ ಬಿದ್ದವು. ಪಕ್ಕದಲ್ಲೇ ದಪ್ಪ ಚೀಲವೊಂದನ್ನು ಮಾವ ಮುಂಗಡವಾಗಿ ನೇತುಹಾಕಿ, ಅದರ ಮೇಲೆ ದೊಡ್ಡದಾಗಿ ಒಂದು ಬೇರಿನ ಚಿತ್ರ ಬರೆದಿದ್ದರು.

ಹಿತ್ತಲ ಬಾಗಿಲು ತೆರೆದ ದಿನ ಮಕ್ಕಳ ಗಲಾಟೆಗೆ ದರ್ಜಿಯ ಹೊಲಿಗೆ ಯಂತ್ರದ ಸದ್ದೇ ಕೇಳದಂತಾಯಿತು. ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಯಾಕಮ್ಮ ಪೊರಕೆ ಹಿಡಿದು ಬಂದರೆ, ಮಾವ ಹೊಸ್ತಿಲ ಮೇಲೆ ಕುಕ್ಕರಗಾಲಲ್ಲಿ ಕುಳಿತಿದ್ದರು.

“ಗುಡಿಸ್ಬೇಡ. ಬಾ, ನೋಡೋಣ” ಎಂದರು.

ಹೊಸ್ತಿಲಿಗಿಂತ ಒಂದು ಮೊಳ ಆಚೆ, ಹಿತ್ತಲ ಕಪ್ಪು ಮಣ್ಣಿನ ಮೇಲೆ, ಬಿಸ್ಕತ್ತಿನ ಒಂದು ಚೂರು ಬಿದ್ದಿತ್ತು. ಒಳಗಿಂದ ಒಂದು ಇರುವೆ ಬಂತು. ಹೊಸ್ತಿಲ ಅಂಚಿನಲ್ಲಿ ನಿಂತು ಮೀಸೆ ಆಡಿಸಿತು. ಅತ್ತ ತಿರುಗಿತು, ಇತ್ತ ತಿರುಗಿತು. ಮಾವನ ಕೈ ಯಾಕಮ್ಮನ ಕೈಯನ್ನು ಹುಡುಕಿ ಹಿಡಿಯಿತು. ಇರುವೆ ಮೆಲ್ಲಗೆ ಮಣ್ಣಿಗೆ ಇಳಿಯಿತು, ನೆಟ್ಟಗೆ ನಡೆಯಿತು, ತನಗಿಂತ ದೊಡ್ಡ ಚೂರನ್ನು ಎಳೆಯಲು ಶುರುಮಾಡಿತು.

ಅವಳು ಬಾಯಿ ತೆರೆದಳು.

“ಯಾಕೆ ಬಂತು ಅಂತ ಮಾತ್ರ ಕೇಳ್ಬೇಡ” ಎಂದರು ಮಾವ. ಅವರ ಕಣ್ಣು ತುಂಬಿತ್ತು.

ಯಾಕಮ್ಮ ಕೇಳಲಿಲ್ಲ. ಅವರ ಪಕ್ಕದಲ್ಲಿ ತಾನೂ ಕುಕ್ಕರಗಾಲಲ್ಲಿ ಕುಳಿತಳು, ಎರಡನೆಯ ಇರುವೆ ಬರುವುದನ್ನು ಕಾಯುತ್ತ.